ಕೆರಿಸ್ ಕಠಾರಿಯ ತವರು

ಮಲಯ ದ್ವೀಪಸ್ತೋಮದ ಜನರು ‘ಕೆರಿಸ್’ ಎಂದು ಕರೆಯುವ ಕಠಾರಿಯು ಬಲು ವಿಚಿತ್ರವಾದ ಆಯುಧ. ಅದರ ಅಲಗು ಬುಡದಲ್ಲಿ ಒಂದು ಪಕ್ಕಕ್ಕೆ ಅಗಲವಾಗಿ ಚಾಚಿ, ತುದಿಗೆ ಬರುಬರುತ್ತ ಮೊನಚಾಗುವುದು. ಕೆಲವು ನೆಟ್ಟಗಿರುವುವು, ಕೆಲವು ಹಾವಿನಂತೆ ಬಳುಕಿರುವುವು. ಬಳುಕುಗಳ ಎಣಿಕೆ ಸಾಮಾನ್ಯವಾಗಿ ಬೆಸವಾಗಿಯೇ ಇರುವುದು. ಮನೆತನದ ಪೂಜ್ಯವಸ್ತುವಾಗಿ ಅದು ತಂದೆಯಿಂದ ಮಗನಿಗೆ ಬರುವುದುಂಟು. ಇಂತಹ ಹಳೆಯ ಕೆರಿಸ್ ಯಾವ ಸೀಮೆಯದೆಂದು ಅರಿಯುವ ಬಗೆ ಹೇಗೆ?

ಮೊದಲು ಹಿಡಿಯನ್ನು ನೋಡಬೇಕು. ಜಾವಾದ ಹಿಡಿ ಹೆಚ್ಚಾಗಿ ಮರದ್ದು. ತುಸು ಬಾಗಿದ ಅದರ ನಯವಾದ ಮೈಯಲ್ಲಿ ಮನುಷ್ಯಾಕೃತಿಯ ಛಾಯೆ ಮಾತ್ರ ಉಳಿದಿರುವುದು. ಬಾಲಿದ್ವೀಪದಲ್ಲಾದರೋ ದೇವತೆಗಳ, ರಾಕ್ಷಸರ ಮೂರ್ತಿಗಳನ್ನೇ ಹಿಡಿಯಾಗಿ ಮಾಡುವುದುಂಟು. ಸುಲಾವೆಸಿಯ ಬುಗಿಸ್ ಜನರ ಹಿಡಿ ಹಕ್ಕಿಯ ಕತ್ತಿನಂತೆ ಥಟ್ಟನೆ ಬಾಗಿರುವುದು. ಪಟಾನಿ, ಕೆಲಾಂತಾನ್ ಸೀಮೆಗಳ ಹಿಡಿಗೆ ಮಿಂಚುಳ್ಳಿಯ ಕೊಕ್ಕನ್ನು ಹೋಲುವ ನೀಳವಾದ ಮೂಗು.

ಬಳಿಕ ಅಲಗು. ಬಗೆಬಗೆಯ ಲೋಹಗಳನ್ನು ಮಡಿಸಿ ಬಡಿದುದರಿಂದ ಅದರ ಮೇಲೆ ‘ಪಮೋರ್’ ಎಂಬ ಚಿತ್ತಾರ ಮೂಡುವುದು. ಜಾವಾದವರು ಪಾಷಾಣವನ್ನು ನಿಂಬೆಯ ರಸದೊಡನೆ ಹಚ್ಚಿ ಕಬ್ಬಿಣವನ್ನು ಕಪ್ಪಾಗಿಸುವರು. ಆಗ ಚಿತ್ತಾರ ಬೆಳ್ಳಗೆ ಎದ್ದು ಕಾಣುವುದು. ಬಾಲಿಯ ಅಲಗು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ಮೈ ನುಣುಪು. ಸುಮಾತ್ರದಲ್ಲಿ ನೀಳವಾಗಿ ಸಪೂರವಾದ ನೆಟ್ಟ ಅಲಗುಗಳುಂಟು. ಸೂಲು ದ್ವೀಪಗಳದು ಭಾರವಾದುದು. ತಿವಿಯುವುದಕ್ಕೂ ಕಡಿಯುವುದಕ್ಕೂ ಒದಗುವುದು.

ಆದರೆ ಒಂದೇ ಗುರುತನ್ನು ನಂಬಿ ತೀರ್ಪು ಕೊಡಲಾಗದು. ವ್ಯಾಪಾರ, ವಿವಾಹ, ಉಡುಗೊರೆಗಳ ಮೂಲಕ ಅಲಗುಗಳು ಕಡಲು ದಾಟಿ, ಹೋದ ಊರಿನ ಹಿಡಿಯನ್ನೂ ಒರೆಯನ್ನೂ ತೊಟ್ಟಿವೆ. ಅಲಗು ಹುಟ್ಟಿದ ಮನೆಯನ್ನು ಹೇಳಿದರೆ, ಹಿಡಿಯೂ ಒರೆಯೂ ಅದು ಬಾಳಿದ ಮನೆಯನ್ನು ಹೇಳುವುವು. ಮಾರುವವರು ಅಂದಕ್ಕಾಗಿ ಹಿಡಿಯನ್ನು ಬದಲಾಯಿಸಿದರೆ ಆ ಸಾಕ್ಷ್ಯವೇ ಅಳಿಯುವುದು.

ಇದರ ಬೆಲೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. 1825ರಿಂದ 1830ರವರೆಗೆ ಡಚ್ಚರೊಡನೆ ಹೋರಾಡಿ ಸೆರೆಯಾದ ಜಾವಾದ ರಾಜಕುಮಾರ ದಿಪೊನೆಗೊರೊ ಅವರ ಕೆರಿಸ್ ಹಾಲೆಂಡಿಗೆ ಸೇರಿ, ಕಾಲಕ್ರಮದಲ್ಲಿ ಗುರುತು ತಪ್ಪಿಹೋಗಿತ್ತು. ವಿದ್ವಾಂಸರು ಹಳೆಯ ಕಾಗದಪತ್ರಗಳನ್ನೂ ಕಠಾರಿಯ ರೂಪವನ್ನೂ ತಾಳೆನೋಡಿ, ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಒಂದನ್ನು ಅವರದೆಂದು ನಿರ್ಣಯಿಸಿದರು. 2020ರಲ್ಲಿ ಅದು ಇಂಡೊನೇಷ್ಯಕ್ಕೆ ಮರಳಿತು. ಗುರುತು ಉಳಿದರೆ ತಾನೆ, ಕಳೆದುಹೋದ ವಸ್ತು ತನ್ನ ಮನೆಯ ದಾರಿಯನ್ನು ಕಾಣುವುದು!