ಫಂಡಿನ ದುಡ್ಡು, ದಿನದ ಗುಳಿಗೆ: ಸೊಲ್ಲಾಪುರದ ಬೀಡಿ ಕಾರ್ಮಿಕರ ಪಿಂಚಣಿ ಮತ್ತು ಮುಪ್ಪಿನ ಆರೋಗ್ಯ

ನನ್ನ ಪಾಲಿಗೆ ಬಂದ ವಿಷಯ ನಿವೃತ್ತಿಯ ಉಳಿತಾಯ ಮತ್ತು ವೃದ್ಧರ ಆರೋಗ್ಯ. ನೋಡ್ರಿ, ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರ ಬಾಯಲ್ಲಿ ನಿವೃತ್ತಿ ಅನ್ನುವ ಮಾತೇ ಇಲ್ಲ. ಕೈ ನಡೆಯುವತನಕ ಕಟ್ಟೋದು, ಆಮೇಲೆ 'ಫಂಡ್' ಬರೋದು, ಅಷ್ಟೇ. ಇವರಲ್ಲಿ ತೆಲುಗು ಮಾತಾಡುವ ಪದ್ಮಶಾಲಿಗಳೇ ಹೆಚ್ಚು, ಕನ್ನಡದ ಮನೆಗಳೂ ಇವೆ. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದರಿಂದ ಇವರಿಗೆ ಆ ಫಂಡ್ ಅಂತ ಒಂದಿದೆ.

ಅದರಲ್ಲಿ ಎರಡು ಭಾಗ. ಒಂದು ಇಡಿಗಂಟು, ಇನ್ನೊಂದು 1995ರ ನೌಕರರ ಪಿಂಚಣಿ ಯೋಜನೆಯಿಂದ ತಿಂಗಳಾ ಬರುವ ದುಡ್ಡು. ಮಾಲೀಕರ ವಂತಿಗೆಯಲ್ಲಿ ಪಗಾರದ ಶೇ. 8.33 ಈ ಯೋಜನೆಗೆ ಹೋಗುತ್ತದೆ. ಹತ್ತು ವರ್ಷ ಸೇವೆ ತುಂಬಿದ್ದರೆ 58ಕ್ಕೆ ಪಿಂಚಣಿ ಶುರು. ಲೆಕ್ಕ ಸರಳ: ಸರಾಸರಿ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 4,000 ರೂಪಾಯಿ ಪಗಾರ, 15 ವರ್ಷ ಸೇವೆ ಅಂದರೆ 857 ರೂಪಾಯಿ ಆಗುತ್ತದೆ. 2014ರ ಸೆಪ್ಟೆಂಬರಿನಿಂದ ಕನಿಷ್ಠ 1,000 ಎಂದು ನಿಗದಿಯಾಗಿರುವುದರಿಂದ 58ಕ್ಕೆ ತೆಗೆದುಕೊಂಡವರ ಕೈಗೆ ಸಾವಿರ ಬರುತ್ತದೆ. ಹತ್ತು ವರ್ಷ ತುಂಬದವರಿಗೆ ತಿಂಗಳ ಪಿಂಚಣಿ ಇಲ್ಲ, ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಸಾವಿರ ರೂಪಾಯಿ ಯಾವ ಮೂಲೆಗೆ ಅನ್ನಬಹುದು. ಆದರೆ ಆರೋಗ್ಯದ ಮಟ್ಟಿಗೆ ಇಡಿಗಂಟಿಗಿಂತ ಈ ಸಾವಿರವೇ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದು ನನ್ನ ವಾದ. ಇಡಿಗಂಟು ಮಗಳ ಮದುವೆಗೋ ಹಳೇ ಸಾಲಕ್ಕೋ ಹೋಗುತ್ತದೆ. ಅದು ತಪ್ಪು ಅಂತ ನಾನು ಹೇಳಲಾರೆ. ಶುಗರ್, ಬಿಪಿ ಮಾತ್ರ ದಿನಾ ಗುಳಿಗೆ ಕೇಳುವ ರೋಗಗಳು. 70 ದಾಟಿದವರಿಗೆ 2024ರಿಂದ ಬಂದ ಆಯುಷ್ಮಾನ್ ಕಾರ್ಡಿನ ಐದು ಲಕ್ಷ ದವಾಖಾನೆಗೆ ಭರ್ತಿಯಾದರೆ ಸಿಗುತ್ತದೆ, ದಿನದ ಗುಳಿಗೆಗೆ ಸಿಗುವುದಿಲ್ಲ. ಅಂದರೆ ಲಕ್ವಾ ಹೊಡೆದ ಮೇಲೆ ದುಡ್ಡಿದೆ, ಹೊಡೆಯದಂತೆ ತಡೆಯಲಿಕ್ಕೆ ಇಲ್ಲ. ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಕ್ಕರೂ ರಿಕ್ಷಾಕ್ಕೆ ರೊಕ್ಕ ಬೇಕಲ್ಲ.

ಹೊರದೇಶದ ಸಂಶೋಧನೆಯೂ ಈ ಕಡೆಗೇ ಬೆರಳು ತೋರಿಸುತ್ತದೆ. ಮೆಕ್ಸಿಕೋದ ಯುಕಟಾನ್‌ನಲ್ಲಿ 70 ದಾಟಿದ ಬಡವರಿಗೆ ಪಿಂಚಣಿ ಕೊಟ್ಟಾಗ ಅವರು ಅದನ್ನು ಊಟಕ್ಕೆ, ಔಷಧಕ್ಕೆ, ಡಾಕ್ಟರರಿಗೆ ಖರ್ಚು ಮಾಡಿದರು. ನೆನಪಿನ ಶಕ್ತಿ, ಶ್ವಾಸಕೋಶದ ಬಲ ಸುಧಾರಿಸಿತು. ದಕ್ಷಿಣ ಆಫ್ರಿಕಾದಲ್ಲಿ ಎಸ್ತರ್ ದುಫ್ಲೋ ನೋಡಿದ್ದು ಇನ್ನೊಂದು ಮುಖ: ಅಜ್ಜಿಗೆ ಪಿಂಚಣಿ ಬಂದ ಮನೆಯ ಹೆಣ್ಣುಮಕ್ಕಳ ಮೈ ತುಂಬಿಕೊಂಡಿತು, ಅಜ್ಜನಿಗೆ ಬಂದಾಗ ಹಾಗಾಗಲಿಲ್ಲ. ಅವೆರಡೂ ಸರ್ಕಾರ ಕೊಡುವ ಪಿಂಚಣಿ, ಉಳಿತಾಯವಲ್ಲ. ಆದರೂ ಬೀಡಿ ಪಿಂಚಣಿ ಹೆಂಗಸಿನ ಹೆಸರಲ್ಲೇ ಬರುವುದರಿಂದ ನಮಗೆ ಇದು ಮುಖ್ಯ.

ಈಗ ನಿಜವಾದ ತೊಡಕಿಗೆ ಬರೋಣ. ಪಿಂಚಣಿ ನಿಲ್ಲೋದು ಎರಡು ಕಡೆ, ಬೆರಳಲ್ಲಿ ಮತ್ತು ಹೆಸರಲ್ಲಿ. ವರ್ಷಕ್ಕೊಮ್ಮೆ ಜೀವಂತ ಇದ್ದೀನಿ ಅಂತ ಪ್ರಮಾಣಪತ್ರ ಕೊಡಬೇಕು, ನಮ್ಮಲ್ಲಿ 'ಹಯಾತೀಚಾ ದಾಖಲಾ' ಅಂತಾರೆ. ನಲವತ್ತು ವರ್ಷ ಎಲೆ ಮಡಚಿ, ದಾರ ಸುತ್ತಿದ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯೋದಿಲ್ಲ. ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ 2021ರಲ್ಲಿ ಬಂತು, ಅದಕ್ಕೆ ಸ್ಮಾರ್ಟ್‌ಫೋನ್ ಇರುವ ಮೊಮ್ಮಗ ಬೇಕು. ದಾಖಲೆ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಸರಿಯಾದ ಮೇಲೆ ಬಾಕಿ ಬರುತ್ತದೆ, ಖರೆ. ಆದರೆ ಮೂರು ತಿಂಗಳು ಬಿಟ್ಟ ಬಿಪಿ ಗುಳಿಗೆಯನ್ನು ಬಾಕಿ ಸೇರಿಸಿ ನುಂಗಲಿಕ್ಕೆ ಆಗೋದಿಲ್ಲ.

ಹೆಸರಿನ ತೊಡಕು ಗಡಿಯವರಿಗೆ ಇನ್ನಷ್ಟು. ಮನೆಯಲ್ಲಿ 'ಗುರವ್ವ', ಗುತ್ತಿಗೆದಾರನ ಮರಾಠಿ ವಹಿಯಲ್ಲಿ 'ಗುರುಬಾಯಿ', ಆಧಾರದಲ್ಲಿ ಮತ್ತೊಂದು ಅನ್ನುವ ಥರ. ತಿದ್ದಲಿಕ್ಕೆ ಮಾಲೀಕರೊಡನೆ ಜಂಟಿ ಘೋಷಣೆ ಕೊಡಬೇಕಾಗುತ್ತದೆ. ಕಾರ್ಖಾನೆಯೇ ಮುಚ್ಚಿದ್ದರೆ ಸಹಿಗಾಗಿ ಅಲೆದಾಟ. ಒಂದು ಅನುಕೂಲ ಮಾತ್ರ ಆಗಿದೆ: 2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವುದೇ ಬ್ಯಾಂಕಿನಿಂದ ಪಡೆಯಬಹುದು. ಪುಣೆಗೆ ಮಗನ ಮನೆ ಸೇರಿದವರು ಇದಕ್ಕಾಗಿ ಸೊಲ್ಲಾಪುರಕ್ಕೆ ಓಡಾಡಬೇಕಿಲ್ಲ.

(ಕಾಸರಗೋಡಿನ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ಸರ್, ನಮ್ಮಲ್ಲಿ ಕ್ಷೇಮ ಪಿಂಚಣಿಯನ್ನು ಮನೆಗೇ ತಂದು ಕೊಡ್ತಾರೆ. ಅಲ್ಲಿಯೂ ಹಾಗೆ ಮಾಡಬಹುದಲ್ಲವಾ?)

ಒಳ್ಳೆ ಪ್ರಶ್ನೆ ಕೇಳಿದಿರಮ್ಮ. ಕೇರಳದಲ್ಲಿ ಸಹಕಾರಿ ಸಂಘದವರು ಮನೆ ಬಾಗಿಲಿಗೆ ತರುತ್ತಾರೆ. 2025ರ ನವೆಂಬರಿನಲ್ಲಿ ಅದು 1,600ರಿಂದ 2,000 ಆಯಿತು. ಅದು ತೆರಿಗೆ ದುಡ್ಡಿನದು, ಇದು ಅವರೇ ದುಡಿದದ್ದು. ಆ ಭೇದ ಇಟ್ಟುಕೊಳ್ಳಿ. ನಿಮ್ಮಲ್ಲೂ ವಾರ್ಷಿಕ ಮಸ್ಟರಿಂಗ್ ಇದೆ, ಆದರೆ ಹಾಸಿಗೆ ಹಿಡಿದವರ ಮನೆಗೆ ಸಿಬ್ಬಂದಿಯೇ ಹೋಗುತ್ತಾರೆ. ನಮ್ಮಲ್ಲೂ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮನ್ ಮನೆಗೆ ಬಂದು ದಾಖಲೆ ಮಾಡಿಕೊಡುವ ಸೇವೆ ಇದೆ. ಓಣಿಯಲ್ಲಿ ಎಷ್ಟು ಜನರಿಗೆ ಅದು ಗೊತ್ತು ಅಂತ ನಿಮ್ಮಲ್ಲಿ ಯಾರಾದರೂ ಬಂದು ಕೇಳಿ ನೋಡಿ, ಎಂ.ಎ. ಪ್ರಬಂಧಕ್ಕೆ ಸಾಕಾಗುವಷ್ಟು ವಿಷಯ ಸಿಗುತ್ತದೆ.