ಎಸಿ ನಿಮ್ಮದು, ಕಿಟಕಿ ಓನರ್‌ದು

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ 38.5. ‘ನಮ್ಮೂರಲ್ಲಿ ಫ್ಯಾನೇ ಬೇಡ’ ಅಂತಿದ್ದ ಕಾಲ ಮುಗೀತು. ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ ಕೂತು, ಕಾದ ತಾರಸಿಯ ಕೆಳಗೆ ಮಧ್ಯಾಹ್ನದ ಮೀಟಿಂಗ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಡಿಗೆದಾರರಿಗೆ ಸ್ಪ್ಲಿಟ್ ಎಸಿಗಿಂತ ವಿಂಡೋ ಎಸಿ ವಾಸಿ ಅಂತ ನನ್ನ ಅಭಿಪ್ರಾಯ. ಗೋಡೆಗೆ ತೂತು ಕೊರೆದು ತಾಮ್ರದ ಪೈಪ್ ಎಳೆಯೋದು, ಮನೆ ಬದಲಿಸುವಾಗ ಗ್ಯಾಸ್ ತುಂಬಿಸೋದು, ಇವೆಲ್ಲ ಇಲ್ಲ. ಒಂದೇ ಡಬ್ಬ, ಎತ್ತಿಕೊಂಡು ಹೋಗಬಹುದು. ಆದರೆ ಅದಕ್ಕೆ ಕಿಟಕಿ ಬೇಕು, ಕಿಟಕಿ ಓನರ್‌ದು. ನಮ್ಮ ಓನರ್ ಅಂಕಲ್‌ಗೆ ಕೇಳಿದಾಗ ಕೈಬರಹದಲ್ಲಿ ಎಂಟು ಷರತ್ತು ಬರೆದು ಫೋಟೊ ಕಳಿಸಿದರು. ಅದರಲ್ಲಿ ಆರು ನ್ಯಾಯವಾದವು.

ಮೊದಲನೆಯದು ಗ್ರಿಲ್. ‘ಕತ್ತರಿಸುವಂತಿಲ್ಲ’ ಅಂತ ಎರಡು ಸಲ ಗೆರೆ ಎಳೆದಿದ್ದರು. ಒಂದೂವರೆ ಟನ್ನಿನ ವಿಂಡೋ ಎಸಿ ಸುಮಾರು ಎರಡು ಅಡಿಗೂ ಹೆಚ್ಚು ಅಗಲ, ತೂಕ 50 ಕೆ.ಜಿ. ಆಸುಪಾಸು. ಗ್ರಿಲ್ ಕತ್ತರಿಸಿದರೆ ಕಳ್ಳನಿಗೆ ದಾರಿ, ಕತ್ತರಿಸದಿದ್ದರೆ ಎಸಿಗೆ ಜಾಗವಿಲ್ಲ. ಪುಣ್ಯಕ್ಕೆ ನಮ್ಮ ಗ್ರಿಲ್ ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ್ದು. ವೆಲ್ಡಿಂಗ್ ಅಂಗಡಿಯವರು ಅದನ್ನು ಇಡಿಯಾಗಿ ಬಿಚ್ಚಿ, ಎಸಿ ಪಕ್ಕ ಉಳಿಯುವ ಜಾಗಕ್ಕೆ ಅಳತೆಯ ಸಣ್ಣ ಗ್ರಿಲ್, ಎಸಿಯ ಹೊರಗಡೆಗೆ ಒಂದು ಕಬ್ಬಿಣದ ಗೂಡು ಮಾಡಿಕೊಟ್ಟರು. ಹಳೇ ಗ್ರಿಲ್ ಅಟ್ಟದ ಮೇಲಿದೆ, ಖಾಲಿ ಮಾಡುವಾಗ ವಾಪಸ್ ಕೂರುತ್ತೆ. ಗೋಡೆಯೊಳಗೇ ಹೂತ ಗ್ರಿಲ್ ಆದರೆ ಈ ದಾರಿ ಇಲ್ಲ. ಅಂಥ ಮನೆಯಲ್ಲಿ ಓನರ್ ಬೇಡ ಅಂದರೆ ವಾದಿಸಬೇಡಿ, ಬೇರೆ ಕಿಟಕಿ ನೋಡಿ.

ಭಾರವನ್ನು ಮರದ ಚೌಕಟ್ಟು ಹೊರಬಾರದು, ಗೋಡೆಗೆ ಬೋಲ್ಟ್ ಹಾಕಿದ ಆಂಗಲ್ ಸ್ಟ್ಯಾಂಡ್ ಹೊರಬೇಕು ಅನ್ನೋದು ಎರಡನೇ ಷರತ್ತು. ಕೆಳಗೆ ಮಕ್ಕಳು ಆಡ್ತಾರೆ, ಇದರಲ್ಲಿ ಚೌಕಾಸಿ ಇಲ್ಲ.

ಆಮೇಲೆ ಕರೆಂಟು. ಒಂದೂವರೆ ಟನ್ನಿನ ಎಸಿ ಓಡುವಾಗ ಏಳೆಂಟು ಆಂಪ್ಸ್ ಎಳೆಯುತ್ತೆ, ಶುರುವಾಗುವಾಗ ಇನ್ನೂ ಹೆಚ್ಚು. ಹಳೇ ಮನೆಗಳ ಬೆಡ್‌ರೂಮಿನ ಪ್ಲಗ್ ಮೊಬೈಲ್, ಲ್ಯಾಂಪ್‌ಗೆ ಸಾಕು, ಎಸಿಗಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್‌ನ ಮಾತೇ ಬೇಡ, ಅದು ಬಿಸಿಯಾಗಿ ಕರಗುತ್ತೆ. ಮೇನ್ ಬೋರ್ಡ್‌ನಿಂದ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೇ ಒಂದು ಎಂಸಿಬಿ, 16 ಆಂಪ್ಸ್ ಸಾಕೆಟ್, ಸರಿಯಾದ ಅರ್ಥಿಂಗ್ ಹಾಕಿಸಿದೆವು. ಈ ಖರ್ಚು ಯಾರದ್ದು? ನಾನು ಹೋದ ಮೇಲೂ ವೈರಿಂಗ್ ಅವರ ಮನೆಯಲ್ಲೇ ಇರುತ್ತೆ ಅಂತ ವಾದಿಸಿ ಅರ್ಧ ಒಪ್ಪಿಸಿದೆ. ನೀವೂ ಕೇಳಿ ನೋಡಿ.

ಬೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ, ನಿಗದಿತ ಶುಲ್ಕ ಅದರ ಮೇಲೇ. ಗೀಸರ್ ಜೊತೆ ಎಸಿ ಸೇರಿದರೆ ಲೋಡ್ ಹೆಚ್ಚಿಸಬೇಕಾಗಬಹುದು. ಮೀಟರ್ ಓನರ್ ಹೆಸರಲ್ಲಿದ್ದರೆ ಅರ್ಜಿಗೆ ಅವರ ಸಹಿ ಬೇಕು. ಗೃಹಜ್ಯೋತಿ ಪಡೆಯುತ್ತಿರುವವರು ಇನ್ನೊಂದು ಲೆಕ್ಕ ಹಾಕಿ: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದೂವರೆ ಕಿಲೋವ್ಯಾಟ್‌ನ ಎಸಿ ದಿನಕ್ಕೆ ಆರು ಗಂಟೆ ನಿಲ್ಲದೇ ಓಡಿದರೆ 9 ಯೂನಿಟ್. ಕಂಪ್ರೆಸರ್ ಆಗಾಗ ನಿಲ್ಲೋದರಿಂದ ಅಷ್ಟು ಬರಲ್ಲ, ಆದರೂ ಬೇಸಿಗೆಯಲ್ಲಿ 200 ದಾಟೋದು ಸುಲಭ.

ನನಗೆ ಒಪ್ಪಿಗೆಯಾಗದ ಎರಡು ಷರತ್ತುಗಳು ಕೊನೆಯಲ್ಲಿದ್ದವು. ತಿಂಗಳಿಗೆ ಸಾವಿರ ರೂಪಾಯಿ ‘ಎಸಿ ಚಾರ್ಜ್’. ನಮ್ಮ ಮೀಟರ್ ಬೇರೆ, ಬಿಲ್ ನಾನೇ ಕಟ್ತೀನಿ, ಮತ್ತೆ ಇದ್ಯಾವ ಚಾರ್ಜು ಅಂಕಲ್ ಅಂತ ಕೇಳಿದೆ. ನಕ್ಕು ಬಿಟ್ಟರು. ಇನ್ನೊಂದು ಗಂಭೀರವಾದದ್ದು: ಖಾಲಿ ಮಾಡುವಾಗ ಎಸಿ ಅಲ್ಲೇ ಬಿಟ್ಟು ಹೋಗಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರ ತಾನು ಕೂರಿಸಿದ್ದನ್ನು ಮನೆ ತನ್ನ ಸ್ವಾಧೀನದಲ್ಲಿ ಇರುವಾಗಲೇ ತೆಗೆದುಕೊಂಡು ಹೋಗಬಹುದು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು ಅಷ್ಟೇ. ಆದರೆ ಅಗ್ರಿಮೆಂಟ್‌ನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತೆ. 11 ತಿಂಗಳ ಅಗ್ರಿಮೆಂಟ್ ಅಂತ ಓದದೇ ಸಹಿ ಹಾಕುವವರು ಈ ಸಾಲನ್ನು ಹುಡುಕಿ ನೋಡಿ.

ಬಾಯಿಮಾತಿನ ಒಪ್ಪಿಗೆ ಅಡ್ವಾನ್ಸ್ ವಾಪಸ್ ಕೇಳುವ ದಿನ ಯಾರಿಗೂ ನೆನಪಿರಲ್ಲ. ಎಸಿ ನನ್ನದು, ಗ್ರಿಲ್ ಮರಳಿ ಕೂರಿಸ್ತೀನಿ, ವೈರಿಂಗ್ ಇಲ್ಲೇ ಇರುತ್ತೆ, ಈ ಮೂರು ಸಾಲು ವಾಟ್ಸಾಪ್‌ನಲ್ಲಿ ಹಾಕಿ ‘ಸರಿ’ ಅನ್ನಿಸಿಕೊಂಡೆ. ಕೆಲಸಕ್ಕೆ ಮುಂಚೆ ಕಿಟಕಿ, ಗೋಡೆ, ಬಣ್ಣದ ಫೋಟೊ ತೆಗೆದು ಅದೇ ಚಾಟ್‌ಗೆ ಕಳಿಸಿದೆ.

ಇನ್ನು ನೀರು. ಎಸಿ ಹಿಂದಕ್ಕೆ ಸ್ವಲ್ಪ ವಾಲಿರಬೇಕು, ಇಲ್ಲದಿದ್ದರೆ ನೀರು ರೂಮಿನೊಳಗೆ ಸುರಿಯುತ್ತೆ. ಹೊರಗೆ ಬೀಳುವ ನೀರಿಗೆ ಪೈಪ್ ಸಿಕ್ಕಿಸಿ ಮಳೆನೀರಿನ ಕೊಳವೆಗೆ ಬಿಡಿ. ನಮ್ಮ ಕಿಟಕಿಯ ನೇರ ಕೆಳಗೇ ಮೊದಲ ಮಹಡಿ ಆಂಟಿ ಹಪ್ಪಳ ಒಣಗಿಸೋದು.