ನಿಮಗಿದು ಗೊತ್ತೇ? ಸಾಮು ಬಿಟ್ಟ ಮೇಲೆ ಪೈಲ್ವಾನರ ಮೈ

ಸವಣೂರು ತಾಲ್ಲೂಕಿನ ಯಲವಿಗಿ ಹುಬ್ಬಳ್ಳಿ–ಹಾವೇರಿ ರೈಲು ಮಾರ್ಗದ ಊರು. ಈ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಹಿಡಿದು, ಬೆಳ್ಳಿ ಕಡಗ ಗೆದ್ದು, ಈಗ ಅರವತ್ತು ದಾಟಿದ ಹಿರಿಯರು ಇನ್ನೂ ಸಿಗುತ್ತಾರೆ. ಆಟ ಅವರ ಮೈಯಲ್ಲಿ ಏನೇನು ಉಳಿಸಿ ಹೋಗಿದೆ?

● ಹಳೆಯ ಪೈಲ್ವಾನರ ಗುರುತು ಕಿವಿಯಲ್ಲೇ ಸಿಗುತ್ತದೆ. ಪಟ್ಟು ಹಾಕುವಾಗ ಕಿವಿ ಜಜ್ಜಿದರೆ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಮೃದ್ವಸ್ಥಿಗೆ ಪೋಷಣೆ ಬರುವುದು ಆ ಹೊದಿಕೆಯಿಂದಲೇ. ಅದು ತಪ್ಪಿದರೆ ಕಿವಿ ಮುದುಡಿ ಗಂಟಾಗುತ್ತದೆ. ಕೆಲವೇ ದಿನಗಳೊಳಗೆ ವೈದ್ಯರು ರಕ್ತ ತೆಗೆದು ಬಿಗಿಯಾಗಿ ಕಟ್ಟಿದರೆ ಕಿವಿ ಉಳಿದೀತು.

● ಸಾಮು ನಿಲ್ಲಿಸಿದ ಎರಡು-ಮೂರು ವಾರಗಳಲ್ಲೇ ದಮ್ಮು ಇಳಿಯತೊಡಗುತ್ತದೆ. ತೋಳಿನ ಬಲ ಮಾತ್ರ ನಿಧಾನಕ್ಕೆ ಕರಗುತ್ತದೆ. ‘ನನಗೇನಾಗಿದೆ, ಗಟ್ಟಿಯಾಗೇ ಇದ್ದೀನಲ್ಲ’ ಎಂಬ ನಂಬಿಕೆ ಹುಟ್ಟುವುದು ಇದರಿಂದಲೇ.

● ಗರಡಿ ಬಿಟ್ಟರೂ ಖುರಾಕು ಬಿಡದಿರುವುದು ದೊಡ್ಡ ಕಂಟಕ. ಹಾಲು, ತುಪ್ಪ, ಬಾದಾಮಿ ಎಲ್ಲವೂ ನಿತ್ಯ ನೂರಾರು ಬಸ್ಕಿ ಹೊಡೆಯುವ ಮೈಗೆಂದು ಇಟ್ಟ ಅಳತೆ. ಬಸ್ಕಿ ನಿಂತ ದಿನವೇ ಆ ಅಳತೆಯೂ ತಗ್ಗಬೇಕು.

● ತೂಕದ ವರ್ಗಕ್ಕಾಗಿ ಹಸಿದು ಮೈ ಇಳಿಸುವುದು, ಪಂದ್ಯ ಮುಗಿದೊಡನೆ ಏರಿಸುವುದು ಇಂದಿನ ಮ್ಯಾಟ್ ಕುಸ್ತಿಯಲ್ಲಿ ಮಾಮೂಲು. ಫಿನ್ಲೆಂಡಿನ 1,838 ಮಾಜಿ ಕ್ರೀಡಾಪಟುಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೀಗೆ ತೂಕ ಏರಿಳಿಸಿದ್ದ ಬಾಕ್ಸರ್, ಕುಸ್ತಿಪಟು, ಭಾರ ಎತ್ತುವವರು ನಡುವಯಸ್ಸಿನಲ್ಲಿ ಬೇರೆ ಆಟಗಾರರಿಗಿಂತ ಹೆಚ್ಚು ದಪ್ಪಗಾಗಿದ್ದರು. ಆಟವೇ ಆಡದವರನ್ನೂ ಮೀರಿಸಿದ್ದರು. ಹುಡುಗರನ್ನು ಕುಸ್ತಿಗೆ ಕಳಿಸುವ ಪ್ರತಿ ತಂದೆ-ತಾಯಿಗೂ ಈ ಸಂಗತಿ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

● ಹಾಗೆಂದು ಕುಸ್ತಿ ಆಯುಷ್ಯ ತಿನ್ನುತ್ತದೆ ಎಂದಲ್ಲ. ಅದೇ ಫಿನ್ಲೆಂಡಿನಲ್ಲಿ 1993ರಲ್ಲಿ ಹೊರಬಂದ ಲೆಕ್ಕ ನೋಡಿ: ದೂರದ ಓಟದಂಥ ದಮ್ಮಿನ ಆಟದವರ ಸರಾಸರಿ ಆಯುಷ್ಯ 75.6 ವರ್ಷ, ಕುಸ್ತಿ, ಬಾಕ್ಸಿಂಗ್, ಭಾರ ಎತ್ತುವಿಕೆಯಂಥ ಬಲದ ಆಟದವರದು 71.5, ಸಾಮಾನ್ಯರದು 69.9. ಬಲದ ಜೊತೆ ದಮ್ಮನ್ನೂ ಉಳಿಸಿಕೊಂಡರೆ ಲಾಭ ಹೆಚ್ಚು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

● ಮೊಣಕಾಲು ಸವೆದಿದ್ದು ಓಟಗಾರರಿಗಿಂತ ಫುಟ್‌ಬಾಲ್ ಆಡಿದವರಿಗೆ, ಭಾರ ಎತ್ತಿದವರಿಗೆ ಹೆಚ್ಚು. 1995ರ ಒಂದು ಅಧ್ಯಯನದಲ್ಲಿ ಓಟಗಾರರ ಪಾಲು 14%, ಫುಟ್‌ಬಾಲಿನವರದು 29%, ಭಾರ ಎತ್ತಿದವರದು 31%. ಕಬಡ್ಡಿಯಲ್ಲಿ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಸಂಧಿವಾತದ ಅಪಾಯ ತೀರ ಹೆಚ್ಚು.

● ಎಲುಬು ಮಾತ್ರ ಮರೆಯುವುದಿಲ್ಲ. ಬೇಸ್‌ಬಾಲ್ ಆಟಗಾರರ ಎಸೆಯುವ ತೋಳಿನ ಎಲುಬು ಹರೆಯದಲ್ಲಿ ದಪ್ಪವಾದದ್ದರಲ್ಲಿ ಅರ್ಧದಷ್ಟು ಮುಪ್ಪಿನವರೆಗೂ ಉಳಿದಿತ್ತು.

● ತಲೆಗೆ ಬಿದ್ದ ಪೆಟ್ಟು ದಶಕಗಳ ನಂತರ ಕಾಡಬಹುದು. ಸ್ಕಾಟ್ಲೆಂಡಿನ 7,676 ಮಾಜಿ ಫುಟ್‌ಬಾಲ್ ಆಟಗಾರರಲ್ಲಿ ಮರೆಗುಳಿತನದಂಥ ಮಿದುಳಿನ ಕಾಯಿಲೆಯ ಸಾವು ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು.

● ಹಳೆಯ ಪದಕ ಹೃದಯ ಕಾಯುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸುಮಾರು 17,000 ಹಳೆಯ ವಿದ್ಯಾರ್ಥಿಗಳನ್ನು ರಾಲ್ಫ್ ಪ್ಯಾಫೆನ್‌ಬಾರ್ಗರ್ ತಂಡ ವರ್ಷಗಟ್ಟಲೆ ಗಮನಿಸಿತು. ಕಾಲೇಜಿನಲ್ಲಿ ಮಿಂಚಿ ಆಮೇಲೆ ಕೂತುಬಿಟ್ಟವರಿಗೆ ಹೃದಯಾಘಾತದ ಅಪಾಯ ಉಳಿದೇ ಇತ್ತು. ಆಗ ಆಡದೆ ಆಮೇಲೆ ಮೈ ದುಡಿಸಿದವರಿಗೆ ಅದು ತಗ್ಗಿತ್ತು.

● ಮಾಜಿ ಪೈಲ್ವಾನರಿಗೆ ಕರ್ನಾಟಕ ಸರ್ಕಾರ ಮಾಸಾಶನ ಕೊಡುತ್ತದೆ. ವಿಚಾರಿಸಬೇಕಾದದ್ದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ. 30 ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಳೆಯ ಪೈಲ್ವಾನರಿದ್ದರೆ ಈ ವಾರವೇ ಅವರನ್ನು ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿ.